ನೂರೊಳಾರು

"ಯಾಕಪ್ಪಾ ಹತ್ತಲಿಲ್ಲ ನೀನು?"

ಕೋಣೆಯಲ್ಲಿ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ. ಸರ್ವೇಯರಮ್ಮ ಕೇಳಿದ್ದು ನೀರನ್ನು. ಮೇಜಿನಗಲಕ್ಕೆ ಹರಡಿದ್ದ ಮಣ್ಣಿನ ಊರಿನ ಮೇಲೆ ಅವಳು ಈಗಷ್ಟೇ ಒಂದು ಹೂಜಿ ನೀರು ಸುರಿದಿದ್ದಳು. ನೀರು ನದಿಯ ಪಾತ್ರ ತುಂಬಿ, ದಂಡೆ ದಾಟಿ, ಕಾರ್ಖಾನೆಯ ಗೋಡೆ ನೆಕ್ಕಿ, ಗ್ಯಾಸ್ ಟ್ಯಾಂಕುಗಳ ಅಂಗಳದವರೆಗೂ ಬಂದು, ಅತ್ತೆಮನೆಯ ಹೊಸ್ತಿಲಲ್ಲಿ ಹೊಸ ಸೊಸೆ ನಿಂತ ಹಾಗೆ ನಿಂತುಬಿಟ್ಟಿತ್ತು.

ನಿಲ್ಲಬಾರದಿತ್ತು.

ಬೆಂಕಿ ಬಿದ್ದ, ನೀರು ಹೊಕ್ಕ ಕಟ್ಟಡಗಳಿಗೆ ಹೋಗಿ ವಿಮೆಯವರ ಪರವಾಗಿ ನಷ್ಟ ಅಳೆಯುವುದು ಅವಳ ಕಸುಬು. ನೀರು ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಈ ಮಾದರಿಯಲ್ಲಿ ಏನೋ ಸುಳ್ಳಿತ್ತು. ಕಟ್ಟಿದವರು ಸುಳ್ಳಾಡುವ ಮನುಷ್ಯರಲ್ಲ.

ಕಟ್ಟಿದವರು ಅವಳ ಸೋದರಮಾವ, ಎಲ್ಲರ ಬಾಯಲ್ಲಿ 'ನದಿ ಮೇಷ್ಟ್ರು'. ಬಿಸಿಯೇರುವ ಭೂಮಿಯಿಂದ, ಕೆರಳುವ ಮಳೆಯಿಂದ ಕಂಪನಿಗಳಿಗೆ ಬರುವ ಆಪತ್ತನ್ನು ಆಡಳಿತ ಮಂಡಳಿಗಳಿಗೆ ಅರ್ಥ ಮಾಡಿಸುವುದೇ ಅವರ ಕೆಲಸ. ನಿರ್ದೇಶಕರಿಗೆ ನಕ್ಷೆ ತೋರಿಸಿದರೆ ಕನ್ನಡಕ ಒರೆಸುತ್ತಾರೆ, ಅಂಕಿ ತೋರಿಸಿದರೆ ಗಡಿಯಾರ ನೋಡುತ್ತಾರೆ ಎಂಬುದನ್ನು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಹಾಗಾಗಿ ಅವರ ಪಾಠದ ಕ್ರಮವೇ ಬೇರೆ. ಪ್ರತಿಯೊಬ್ಬ ನಿರ್ದೇಶಕರೂ ಕೋಟಿನ ತೋಳು ಮಡಚಿ, ತಮ್ಮ ಕಾರ್ಖಾನೆಯ ಮೇಲೆ ತಮ್ಮ ಕೈಯಾರೆ ನೀರು ಸುರಿಯಬೇಕು. "ಕಣ್ಣು ಕಂಡದ್ದನ್ನ ಮರೆಯುತ್ತೆ ಕಣೇ, ಕೈ ತಾನು ಮಾಡಿದ್ದನ್ನ ಮರೆಯಲ್ಲ" ಎನ್ನುತ್ತಿದ್ದರು.

ಕಳೆದ ಪಾಠದಲ್ಲಿ ನೀರು ಟ್ಯಾಂಕುಗಳನ್ನು ಮುಟ್ಟಲಿಲ್ಲ. ಮಂಡಳಿ ನಿರಾಳವಾಗಿ, ಟ್ಯಾಂಕುಗಳು ಇದ್ದಲ್ಲೇ ಇರಲಿ ಎಂದಿತು. ಎರಡು ದಿನದ ಮೇಲೆ ಮೇಷ್ಟ್ರು ಇದೇ ಕೋಣೆಯ ಹಿಂಬಾಗಿಲ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು. ಕಾಲು ಜಾರಿತು ಎಂದಿತು ಕಂಪನಿ. ಕೋಣೆಗೆ ಬೀಗ ಬಿತ್ತು. ಮೂರು ವಾರವಾದರೂ ಮೇಷ್ಟ್ರು ಕಣ್ಣು ಬಿಟ್ಟಿರಲಿಲ್ಲ.

ಈಗ ಬೀಗ ತೆಗೆದಿತ್ತು. ಮಾವ ನಿಲ್ಲಿಸಿದ ಪಾಠವನ್ನು ನೀನೇ ಮುಂದುವರಿಸು ಎಂದು ಕರೆಸಿಕೊಂಡವರು ಕಂಪನಿಯ ಅಧ್ಯಕ್ಷೆ, ಎಲ್ಲರ ದೊಡ್ಡಮ್ಮ. ಬೆಳಿಗ್ಗೆ ಬೀಗದ ಕೈಯನ್ನೂ ಅವರೇ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದ್ದರು.

ಸರ್ವೇಯರಮ್ಮ ಉಗುರಿನಿಂದ ಮಾದರಿಯ ಮೈ ತಟ್ಟುತ್ತಾ ಹೋದಳು. ಮಾವ ಸಂಜೆ ಹೊತ್ತು ರಾಗವಾಗಿ ಪದ್ಯ ಓದುವಾಗ ಅವರ ಮಂಡಿಗೊರಗಿ ಕೇಳುತ್ತಾ ಬೆಳೆದ ಕಿವಿ ಅವಳದು. ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತಿತ್ತು.

ನದಿಯ ದಂಡೆ, ದಬ್. ಕಾರ್ಖಾನೆಯ ಗೇಟು, ದಬ್. ಕೆಳಗಿನ ಓಣಿ, ದಬ್.

ಟ್ಯಾಂಕುಗಳ ಅಂಗಳ, ಟಣ್.

ಅವಳ ಕೈ ಅಲ್ಲೇ ನಿಂತಿತು. ಮತ್ತೆ ತಟ್ಟಿದಳು. ಟಣ್.

ಬೀಗದ ಕೈಯ ತುದಿಯಿಂದ ಕೆರೆದಳು. ಮೇಲಿನ ಕಂದು ಬಣ್ಣ ಸಿಪ್ಪೆಯಾಗಿ ಎದ್ದಿತು. ಅದರಡಿಯಲ್ಲಿ ಹಾಲಿನಂಥ ಬಿಳಿ ಪ್ಲಾಸ್ಟರು. ಇನ್ನೂ ಕೆರೆದಳು. ಕೊನೆಗೆ ಮಾವನ ಜೇಡಿಮಣ್ಣು ಕಂಡಿತು, ಅದರ ಮೇಲೆ ಅವರ ಹೆಬ್ಬೆರಳಿನ ಒತ್ತುಗಳು, ಒದ್ದೆ ಮಣ್ಣಲ್ಲಿ ಗುಬ್ಬಿ ನಡೆದುಹೋದ ಹಾಗೆ.

ಯಾರೋ ಅಂಗಳವನ್ನು ಎತ್ತರಿಸಿದ್ದರು. ಬೆರಳಿನ ದಪ್ಪ, ಅಷ್ಟೇ. ನೀರು ಎಷ್ಟು ಏರುತ್ತದೋ ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು. ಬಣ್ಣಕ್ಕೆ ಬಣ್ಣ ಕೂಡಿಸಿ, ಅಂಚು ನಯ ಮಾಡಿ, ಪ್ರೀತಿಯಿಂದಲೇ ಮಾಡಿದ ಕೆಲಸದ ಹಾಗೆ ಕಾಣುತ್ತಿತ್ತು.



ಫೋನು ಬಡಿದುಕೊಂಡಿತು. ಅತ್ತೆ. ಮಾವನ ಹೆಂಡತಿ.

"ಎಲ್ಲಿದೀಯೇ? ಊಟ ಮಾಡಿದ್ಯಾ?"

"ಅತ್ತೆ, ನದಿ ಹೇಗಿದೆ ಅಲ್ಲಿ?"

"ಹೇಗಿರುತ್ತೆ, ನಿಮ್ಮ ಮಾವನ ಪ್ರೀತಿಯ ನದಿ! ದಂಡೆ ಮೇಲಿನ ಬೆಂಚು ಆಗ್ಲೇ ನುಂಗಿದೆ. ಓಣಿಯವರೆಲ್ಲ ಸಾಮಾನು ಅಟ್ಟಕ್ಕೆ ಏರಿಸ್ತಿದಾರೆ."

"ಡಾಕ್ಟರು ಏನಂದ್ರು? ಮಾವನ್ನ ಬೇರೆ ಕಡೆ ಸಾಗಿಸಬಹುದಂತಾ?"

ಅತ್ತೆಯ ದನಿ ಇಳಿಯಿತು. "ತಲೆ ಅಲುಗಿದ್ರೆ ಕೈಬಿಟ್ಟ ಹಾಗೇ ಅಂದ್ರು. ಇಲ್ಲೇ ಇರ್ಬೇಕಂತೆ. ನಾನೂ ಇಲ್ಲೇ ಇರ್ತೀನಿ. ಮದುವೆಯಾದಾಗಿಂದ ಅವರ ಪಾಠ ಕೇಳಿದೀನಿ, ಈಗ ಅವರು ಸುಮ್ನಿರೋದನ್ನೂ ಕೇಳ್ತೀನಿ. ನೀನು ಮೊದ್ಲು ಊಟ ಮಾಡು."

ಮಾವ ಮಲಗಿದ್ದ ಕಂಪನಿಯ ಆಸ್ಪತ್ರೆ ಇದ್ದದ್ದು ಆ ಓಣಿಯ ತುದಿಯಲ್ಲೇ. ಓಣಿ ಇದ್ದದ್ದು ಟ್ಯಾಂಕುಗಳ ಕೆಳಗಿನ ಇಳಿಜಾರಿನಲ್ಲಿ. ಟ್ಯಾಂಕುಗಳಲ್ಲಿ ಇದ್ದದ್ದು ಕ್ಲೋರಿನ್, ಊರಿನ ಕುಡಿಯುವ ನೀರನ್ನು ಶುದ್ಧ ಮಾಡಲು ಹೋಗುವ ಗ್ಯಾಸು. ಒಳಗಿದ್ದರೆ ದೇವರು, ಹೊರಗೆ ಬಂದರೆ ಯಮ.

ಮೇಲಿನ ಕಣಿವೆಗಳಲ್ಲಿ ಮಳೆ ಬಿಟ್ಟಿರಲಿಲ್ಲ. ತುಂಬಿದ ನದಿ ನಾಳೆ ಮಧ್ಯಾಹ್ನದೊಳಗೆ ಇಲ್ಲಿಗೆ ಮುಟ್ಟುತ್ತದೆ ಎಂದು ಹವಾಮಾನದವರು ಹೇಳಿಯಾಗಿತ್ತು. ಟ್ಯಾಂಕು ಬರಿದು ಮಾಡಿ, ಗ್ಯಾಸನ್ನು ಸಿಲಿಂಡರುಗಳಿಗೆ ತುಂಬಿ, ಲಾರಿಯಲ್ಲಿ ಗುಡ್ಡದ ಗೋದಾಮಿಗೆ ಸಾಗಿಸಲು ಹಗಲೂ ರಾತ್ರಿಯೂ ಬೇಕು. ಇವತ್ತು ಶುರು ಮಾಡಿದರೆ ಉಂಟು. ನಾಳೆ ಎಂದರೆ ಇಲ್ಲ.

ಮಂಡಳಿ ಇನ್ನು ಸ್ವಲ್ಪ ಹೊತ್ತಿಗೆ ಸೇರಲಿತ್ತು. ಮೂವರೇ ನಿರ್ದೇಶಕರು. ಆ ಮೂವರಲ್ಲಿ ಒಬ್ಬರು ಈ ಪ್ಲಾಸ್ಟರು ಮೆತ್ತಿದ್ದರು. ಕಳೆದ ಪಾಠಕ್ಕೆ ಮೊದಲು ಈ ಕೋಣೆಯ ಬೀಗದ ಕೈ ಇದ್ದದ್ದು ಮಾವನನ್ನು ಬಿಟ್ಟರೆ ಆ ಮೂವರ ಬಳಿ ಮಾತ್ರ.

*

ಚಿಕ್ಕಧಣಿ ಸಿಕ್ಕಿದ್ದು ಟ್ಯಾಂಕುಗಳ ಅಂಗಳದಲ್ಲೇ. ದೊಡ್ಡಮ್ಮನ ಮೈದುನ. ದುಂಡು ಮೈ, ದೊಡ್ಡ ದನಿ, ಯಾರನ್ನೂ ನಗಿಸದೆ ಬಿಡದ ಬಾಯಿ. ಇಲ್ಲಿ ನಾಲ್ಕನೇ ಟ್ಯಾಂಕು ಕೂರಿಸಬೇಕೆಂದು ವರ್ಷದಿಂದ ಹಟ ಹಿಡಿದಿದ್ದವರೂ ಅವರೇ. ಸಂಶಯಕ್ಕೆ ಇದಕ್ಕಿಂತ ಮೆತ್ತನೆಯ ಹಾಸಿಗೆ ಬೇಕೇ?

ಈಜುಕೊಳದಂಥ ವಾಸನೆ ಮೂಗಿಗೆ ಚುಚ್ಚುತ್ತಿತ್ತು. ಅವರ ಕೋಟಿನ ಬಲತೋಳಿನ ಮೇಲೆ ಉದ್ದಕ್ಕೆ ಬಿಳಿ ಬಳಿದುಕೊಂಡಿತ್ತು.

"ಏನಮ್ಮಾ ಸರ್ವೇಯರಮ್ಮ, ನಿನ್ನ ಮುಖ ನೋಡಿದ್ರೆ ನಮ್ಮ ಕಾರ್ಖಾನೆ ಆಗ್ಲೇ ಮುಳುಗಿ, ನೀನು ನಷ್ಟ ಬರೆದು ಮುಗಿಸಿದ ಹಾಗಿದೆ!"

"ತೋಳಿನ ಮೇಲೆ ಏನದು, ಧಣಿ?"

"ಎಲ್ಲಿ? ಓ, ಇದಾ. ಸುಣ್ಣ. ಗೋಡೆಗೆ ಹೊಡೆಸ್ತಿದೀನಿ. ಒರಗಿದೆ, ಹತ್ತಿತು. ನಮ್ಮ ಹಣೆಬರಹವೇ ಹಾಗೆ, ಒರಗಿದ್ದೆಲ್ಲ ಹತ್ತುತ್ತೆ."

ಅವಳು ಕೇಳದೆಯೇ ಬೆರಳಿಟ್ಟು ಉಜ್ಜಿದಳು. ಬಿಳಿ ಬೆರಳಿಗೆ ಸುಲಭವಾಗಿ ಬಂತು. ಸುಣ್ಣವೇ. ಪ್ಲಾಸ್ಟರು ಹೀಗೆ ಬರುವುದಿಲ್ಲ, ಹಿಡಿದರೆ ಉಡದ ಹಿಡಿತ.

"ಧಣಿ, ಬಾಯಿಬಿಟ್ಟು ಕೇಳ್ತೀನಿ. ಮಾವನ ಮಾದರೀಲಿ ಈ ಅಂಗಳಾನ ಯಾರೋ ಎತ್ತರ ಮಾಡಿದಾರೆ. ನೀರು ಹತ್ತಬಾರದು ಅಂತ. ನೀವಾ?"

ಅವರು ಕಣ್ಣು ಪಿಳುಕಿಸಿದರು. ಆಮೇಲೆ ನಕ್ಕರು. ಆ ನಗೆಯಲ್ಲಿ ಭಯವಿರಲಿಲ್ಲ. ಪಿಸುಗುಡುವವನ ಉಸಿರನ್ನೂ ಅಳೆಯಬಲ್ಲ ಅವಳ ಕಿವಿ ಅದನ್ನು ಹುಡುಕಿತು, ಸಿಗಲಿಲ್ಲ.

"ನಾನ್ಯಾಕಮ್ಮ ಅದನ್ನ ಮುಟ್ಲಿ? ನೀರು ಬರೋದೇ ಇಲ್ವಲ್ಲ!"

"ಬರಲ್ವಾ?"

"ನಿಮ್ಮ ಮಾವನೇ ಹೇಳಿದ್ದು. ಇದು ನೂರು ವರ್ಷಕ್ಕೊಂದು ಸಲ ಬರೋ ನೀರು ಅಂತ. ನನಗೆ ಮೀಸೆ ಮೂಡೋ ಕಾಲಕ್ಕೆ ಬಂದು ಹೋಯ್ತು. ಈ ಗೇಟಿನ ತನಕ ಬಂದಿತ್ತು, ಕಣ್ಣಾರೆ ನೋಡಿದೀನಿ. ಅದರ ಪಾಳಿ ಮುಗೀತು. ಇನ್ನು ಮೊಮ್ಮಕ್ಕಳ ಕಾಲಕ್ಕೆ. ಅವರ ನೀರನ್ನ ಅವರು ನೋಡ್ಕೊಳ್ಳಲಿ."

"ಪಾಳಿ ಅಲ್ಲ ಧಣಿ ಅದು. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಬರಬಹುದು ಅಂತ ಅರ್ಥ. ಹೋದ ವರ್ಷ ಬಂದಿದ್ರೂ ಈ ವರ್ಷ ಬರಬಹುದು."

"ಹಾಗಂದ್ರೆ ಅದನ್ನ ನೂರು ವರ್ಷದ್ದು ಅಂತ ಯಾಕೆ ಕರೀಬೇಕು? ಹಾಲು ಅಂತ ಬರೆದು ಮಜ್ಜಿಗೆ ಮಾರಿದ ಹಾಗೆ!"

ಆ ಮಾತಿನಲ್ಲಿ ನ್ಯಾಯವೂ ಇತ್ತು.

"ಅಷ್ಟು ಗಟ್ಟಿ ನಂಬಿಕೆ ಇದ್ದ ಮೇಲೆ ಮಾದರಿಗೆ ನೀರು ಯಾಕೆ ಸುರಿದ್ರಿ?"

"ಮೇಷ್ಟ್ರಿಗೆ ಬೇಜಾರಾಗ್ಬಾರ್ದು ಅಂತ!" ಎಂದರು ಚಿಕ್ಕಧಣಿ. ಆಮೇಲೆ ಮೆಲ್ಲಗೆ, "ಒಳ್ಳೆ ಮನುಷ್ಯ. ಹೇಗಿದಾರೆ?" ಎಂದರು.

ಅವಳು ಅಂಗಳ ದಾಟಿ ವಾಪಸಾದಳು. ಬರುವುದೇ ಇಲ್ಲ ಎಂದು ನಂಬಿದ ನೀರಿಗೆ ಯಾರಾದರೂ ಕಟ್ಟೆ ಕಟ್ಟುತ್ತಾರೆಯೇ? ಪಾಠ ತಲೆಗೆ ಹತ್ತದ ವಿದ್ಯಾರ್ಥಿ ಮೋಸವನ್ನೇಕೆ ಮಾಡುತ್ತಾನೆ? ಚಿಕ್ಕಧಣಿಯ ದಡ್ಡತನವೇ ಅವರಿಗೆ ಸಾಕ್ಷಿ ನಿಂತಿತ್ತು.

ಅಂದರೆ ಅಂಗಳ ಎತ್ತರಿಸಿದವರು ನೀರು ಎಲ್ಲಿಯವರೆಗೆ ಬರುತ್ತದೆಂದು ಕೂದಲೆಳೆಯಷ್ಟು ಸರಿಯಾಗಿ ತಿಳಿದವರು. ಬರುತ್ತದೆ ಎಂದು ನಂಬಿದವರು. ಮಾವನ ಪಾಠವನ್ನು ತುಂಬು ಮನಸ್ಸಿನಿಂದ ಕೇಳಿದವರು.

ಅವಳು ಹುಡುಕಬೇಕಾಗಿದ್ದದ್ದು ಮಾವನ ಅತ್ಯುತ್ತಮ ಶಿಷ್ಯರನ್ನು.

*

ಸಭೆ ಸೇರಿದ್ದು ಮಾದರಿಯ ಸುತ್ತಲೇ. ಅವಳು ಅಷ್ಟರಲ್ಲಿ ಪ್ಲಾಸ್ಟರನ್ನೆಲ್ಲ ಕೆರೆದು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಬೆಂಡಿನಿಂದ ಮಾಡಿದ ಮೂರು ಪುಟ್ಟ ಟ್ಯಾಂಕುಗಳನ್ನು ಮೊದಲಿನ ತಗ್ಗಿಗೇ ಇಳಿಸಿ ಇಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. ಚಿಕ್ಕಧಣಿಯೂ ಬಾಯಿ ಹೊಲಿದುಕೊಂಡು ಕೂತಿದ್ದರು, ಅವರ ಮಟ್ಟಿಗೆ ಅದೇ ಒಂದು ತಪಸ್ಸು.

ಎದುರಿಗೆ ವಕೀಲರು. ಹೊರಗಿನಿಂದ ಬಂದ ನಿರ್ದೇಶಕರು, ಕಂಪನಿಯ ಕಟ್ಟಳೆಗಳನ್ನೆಲ್ಲ ಬರೆದವರು. ಮಧ್ಯದಲ್ಲಿ ದೊಡ್ಡಮ್ಮ. ಬಿಳಿ ಕೂದಲು, ಕತ್ತಿಗೆ ಇಳಿಬಿದ್ದ ಕನ್ನಡಕದ ಸರಪಳಿ, ಎದುರಿನವರು ಮಾತು ಮುಗಿಸುವವರೆಗೂ ರೆಪ್ಪೆ ಮಿಟುಕಿಸದ ಕಣ್ಣು. ಮಾವ ಬಿದ್ದ ದಿನದಿಂದ ಒಂದು ಬೆಳಿಗ್ಗೆಯೂ ತಪ್ಪದೆ ಆಸ್ಪತ್ರೆಗೆ ಹೋಗಿ ಅವರ ಹಾಸಿಗೆಯ ಪಕ್ಕ ಕೂತು ಬರುತ್ತಿದ್ದವರು.

"ಬಾಮ್ಮ, ಶುರು ಮಾಡು," ಎಂದರು.

"ಪಾಠಕ್ಕೆ ಮೊದಲು ಒಂದು ಪ್ರಶ್ನೆ. ಮೂವರಿಗೂ ಒಂದೇ. ನೂರು ವರ್ಷಕ್ಕೊಮ್ಮೆ ಬರೋ ನೀರು ಅಂದ್ರೆ ಏನು?"

"ನನ್ನದಾಯ್ತು," ಎಂದರು ಚಿಕ್ಕಧಣಿ ಮೆಲ್ಲಗೆ. "ನಾನು ಫೇಲು."

ವಕೀಲರು ಗಂಟಲು ಸರಿಮಾಡಿಕೊಂಡರು. "ನೋಡಿ, ಮೂಲತಃ ಅದೊಂದು ವಾಯಿದೆ. ಆದರೆ ಮುಖ್ಯ ವಿಷಯ ಅದಲ್ಲ. ನದಿಯ ಗಡಿ ಸರ್ವೆ ನಕ್ಷೆಯಲ್ಲಿ ಗುರುತಾಗಿದೆ. ನಮ್ಮ ಗೋಡೆ ಆ ಗಡಿಯಿಂದ ಈಚೆಗಿದೆ. ಆದ್ದರಿಂದ ನೀರು ಒಳಗೆ ಬಂದರೆ ಅದು ಅತಿಕ್ರಮಣ. ಹೊಣೆ ನಮ್ಮದಾಗುವುದಿಲ್ಲ."

"ನೋಟಿಸು ಯಾರ ಹೆಸರಿಗೆ ಕೊಡ್ತೀರಿ ವಕೀಲರೇ?" ಚಿಕ್ಕಧಣಿಯ ತಪಸ್ಸು ಮುರಿದಿತ್ತು. "ನದಿ ಮನೇಲಿ ಇಲ್ದಿದ್ರೆ ಬಾಗಿಲಿಗೆ ಅಂಟಿಸ್ತೀರಾ?"

ವಕೀಲರು ಮುಖ ಬಿಗಿದುಕೊಂಡರು. ಸರ್ವೇಯರಮ್ಮ ಮನಸ್ಸಿನಲ್ಲೇ ಇನ್ನೊಂದು ಹೆಸರು ಹೊಡೆದುಹಾಕಿದಳು. ಇವರಿಗೆ ನೀರೆಂದರೆ ಒಂದು ಕಾಗದದ ಗೆರೆ. ಇವರೂ ಕಟ್ಟೆ ಕಟ್ಟಿದವರಲ್ಲ.

ಉಳಿದವರು ಒಬ್ಬರೇ. ಬೇಡ, ತಪ್ಪು ಹೇಳಲಿ, ಇವರೂ ಒಂದು ದಡ್ಡ ಉತ್ತರ ಕೊಟ್ಟುಬಿಡಲಿ ಎಂದು ಅವಳು ಮನಸ್ಸಿನೊಳಗೇ ಬೇಡಿಕೊಂಡಳು.

ದೊಡ್ಡಮ್ಮ ಮಾದರಿಯ ನದಿಯನ್ನೇ ನೋಡುತ್ತಾ ಮಾತಾಡಿದರು.

"ಒಂದು ಡಬ್ಬಿ. ಅದರಲ್ಲಿ ನೂರು ಚೀಟಿ. ತೊಂಬತ್ತೊಂಬತ್ತು ಖಾಲಿ, ಒಂದರಲ್ಲಿ ನೀರು. ವರ್ಷಕ್ಕೊಂದು ಚೀಟಿ ಎತ್ತುತ್ತೀವಿ. ಎತ್ತಿದ್ದನ್ನ ಮತ್ತೆ ಡಬ್ಬಿಗೇ ಹಾಕ್ತೀವಿ. ಹಾಗಾಗಿ ಪಾಳಿ ಮುಗಿಯೋದು ಅಂತ ಇಲ್ಲ. ಪ್ರತಿ ಸಲವೂ ಮೊದಲನೇ ಸಲವೇ."

"ಸರಿಯಾಗಿ ಹೇಳಿದ್ರಿ, ಅಮ್ಮ."

"ಆದ್ರೆ ಆ ಡಬ್ಬಿ ನಮ್ಮ ಅಜ್ಜಂದಿರ ಕಾಲದ್ದು. ಈಗ ಸಮುದ್ರ ಕಾದಿದೆ, ಮೋಡ ಹೆಚ್ಚು ನೀರು ಹೊರ್ತಿದೆ. ಯಾರೋ ರಾತ್ರೋರಾತ್ರಿ ಬಂದು ಡಬ್ಬಿಗೆ ನೀರಿನ ಚೀಟಿ ಸೇರಿಸಿ ಹೋಗಿದಾರೆ. ಮೊದಲು ಇದ್ದದ್ದು ಒಂದು. ಇಂದು," ಅವರು ತಮಗೆ ತಾವೇ ಎಂಬಂತೆ ಮುಗಿಸಿದರು, "ನೂರೊಳಾರು."

ಸರ್ವೇಯರಮ್ಮ ಕೈಯಲ್ಲಿದ್ದ ಹೂಜಿಯನ್ನು ಮೇಜಿನ ಮೇಲಿಟ್ಟಳು.

ನೂರೊಳಾರು.

ಮಾತಾಡುವಾಗ ಯಾರೂ ಹಾಗೆನ್ನುವುದಿಲ್ಲ. ನೂರರಲ್ಲಿ ಆರು ಎನ್ನುತ್ತಾರೆ. ಆ ಪದ ಹಾಗೆ ಬೆಸೆದುಕೊಳ್ಳುವುದು ಪದ್ಯದ ಮೂಸೆಯಲ್ಲಿ ಮಾತ್ರ. ಆ ಪದ್ಯ ಹುಟ್ಟಿದ್ದು ಅವಳ ಕಿವಿಯಲ್ಲಿ.

ಮಾವ ಬಿದ್ದ ಆ ಸಂಜೆ ಫೋನು ಮಾಡಿದ್ದರು. ಮಗುವಿನ ಹಾಗೆ ಉಬ್ಬಿಹೋಗಿದ್ದರು. "ಹೊಸ ಮಳೆಯ ಲೆಕ್ಕ ಈಗಷ್ಟೇ ಕೂಡಿಬಂತು ಕಣೇ. ಚೀಟಿ ಒಂದಲ್ಲ, ಆರು! ಅದಕ್ಕೊಂದು ಸಾಲೂ ಹುಟ್ಟಿತು, ಕೇಳು." ಆಮೇಲೆ ರಾಗವೆಳೆದು ಹಾಡಿದ್ದರು: "ನೂರೊಳೊಂದಾಗಿದ್ದ ನೀರು, ಇಂದು ನೂರೊಳಾರು." ಹಾಡಿ ತಾವೇ ನಕ್ಕಿದ್ದರು. "ಬಿಸಿಬಿಸಿ. ನಿನ್ನ ಕಿವಿಗೇ ಮೊದಲು. ಮೊನ್ನೆ ನೀರು ಯಾಕೆ ನಿಂತಿತು ಅನ್ನೋದೊಂದು ಕೊರೀತಿದೆ. ಹೋಗಿ ಮಾದರಿ ನೋಡ್ತೀನಿ. ನಾಳೆ ಮೂವರಿಗೂ ಹಾಡಿ ತೋರಿಸ್ತೀನಿ."

ನಾಳೆ ಬರಲಿಲ್ಲ. ಆ ಸಾಲನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅತ್ತೆಗೂ.

"ಆ ಮಾತು ಎಲ್ಲಿ ಕೇಳಿದ್ರಿ ಅಮ್ಮ?" ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

"ಮೇಷ್ಟ್ರು ಹೇಳಿದ್ದು. ಪಾಠದಲ್ಲಿ."

"ನಾನು ಕೇಳೇ ಇಲ್ವಲ್ಲ ಅತ್ತಿಗೆ," ಎಂದರು ಚಿಕ್ಕಧಣಿ.

"ನೀನು ಪಾಠದಲ್ಲಿ ಎಚ್ಚರ ಇದ್ದದ್ದು ಯಾವಾಗ?"

"ಅದೂ ಸರಿ ಅನ್ನಿ. ಆದ್ರೆ ಮೇಷ್ಟ್ರು ಹಾಡಿದಾಗ ಮಾತ್ರ ನನಗೆ ಎಚ್ಚರ ಆಗುತ್ತೆ."

ವಕೀಲರು ತಲೆಯೆತ್ತಿ ನೋಡಿದರು. "ನನಗೂ ನೆನಪಿಲ್ಲ. ಪಾಠದಲ್ಲಿ ಅವರು ಹೇಳಿದ್ದು ಒಂದು ಅಂತಲೇ."

ದೊಡ್ಡಮ್ಮ ಕನ್ನಡಕದ ಸರಪಳಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅವರ ಕಣ್ಣು ಸರ್ವೇಯರಮ್ಮನ ಕಣ್ಣನ್ನು ಸಂಧಿಸಿತು. ಇವಳಿಗೆ ಗೊತ್ತಾಯಿತು ಎಂಬುದು ಅವರಿಗೂ ಗೊತ್ತಾಯಿತು.

ಹಾಗಾದರೆ ಇವರು ನನ್ನನ್ನು ಕರೆಸಿದ್ದಾದರೂ ಏಕೆ? ಬೀಗದ ಕೈ ಕೊಟ್ಟದ್ದೇಕೆ? ದಿನ ಬೆಳಗಾದರೆ ಮಾವನ ಪಕ್ಕ ಕೂರುವುದು ಎದ್ದೇಳಲಿ ಎಂದೋ, ಏಳದಿರಲಿ ಎಂದೋ? ಪ್ರಶ್ನೆಗಳು ಜೇನು ಎದ್ದ ಹಾಗೆ ಎದ್ದವು. ಕೂಗಿಬಿಡಬೇಕು ಎನಿಸಿತು. ಆ ಸಂಜೆ ಮೆಟ್ಟಿಲ ಮೇಲೆ ಇದ್ದವರು ನೀವಲ್ಲವೇ ಎಂದು.

ಹೊರಗೆ ನದಿಯ ಸದ್ದು ಬದಲಾಗಿತ್ತು. ಬೆಳಿಗ್ಗೆ ಗೊಣಗುತ್ತಿದ್ದದ್ದು ಈಗ ಹೂಂಕರಿಸುತ್ತಿತ್ತು.

ಅವಳು ನಾಲಿಗೆ ಕಚ್ಚಿಕೊಂಡಳು. ಬಿದ್ದ ಮನುಷ್ಯನ ಲೆಕ್ಕ ನಾಳಿದ್ದೂ ಕೇಳಬಹುದು. ನೀರು ನಾಳಿದ್ದಿನವರೆಗೆ ಕಾಯುವುದಿಲ್ಲ.

"ಧಣಿ," ಎಂದು ಹೂಜಿಯನ್ನು ಚಿಕ್ಕಧಣಿಯ ಕೈಗೆ ಕೊಟ್ಟಳು. "ಸುರೀರಿ. ಹೋದ ಸಲ ಸುರಿದಷ್ಟೇ."

ಚಿಕ್ಕಧಣಿ ತೋಳು ಮಡಚಿದರು. ನೀರು ಪಾತ್ರ ತುಂಬಿತು, ದಂಡೆ ದಾಟಿತು, ಗೋಡೆ ನೆಕ್ಕಿತು, ಅಂಗಳದ ಅಂಚಿಗೆ ಬಂತು.

ಈ ಸಲ ನಿಲ್ಲಲಿಲ್ಲ.

ಬೆಂಡಿನ ಟ್ಯಾಂಕುಗಳು ಒಮ್ಮೆ ಅಲುಗಿದವು. ಆಮೇಲೆ ಖಾಲಿ ಕೊಡದ ಹಾಗೆ ಮೇಲೆದ್ದು, ಬುಡದ ತಂತಿಯ ಪೈಪುಗಳನ್ನು ಕಿತ್ತುಕೊಂಡು, ಒಂದರ ಹಿಂದೊಂದು ಇಳಿಜಾರಿನಲ್ಲಿ ತೇಲಿ ಹೋದವು. ಮೊದಲನೆಯದು ಓಣಿಯ ಮನೆಗಳಿಗೆ ತಾಗಿ ತಿರುಗಿತು. ಕೊನೆಯದು ತುದಿಯ ಆಸ್ಪತ್ರೆಯ ಗೋಡೆಗೆ ಹೋಗಿ ನಿಂತು ಅಲ್ಲೇ ಟಕ್ ಟಕ್ ಎಂದು ಬಡಿಯುತ್ತಿತ್ತು.

ಚಿಕ್ಕಧಣಿಯ ಮುಖ ಅವರ ತೋಳಿನ ಸುಣ್ಣಕ್ಕಿಂತ ಬಿಳಿಚಿಕೊಂಡಿತು.

"ಪೈಪು ಕಿತ್ತರೆ ಗ್ಯಾಸು ಹೊರಗೆ ಬರುತ್ತೆ," ಎಂದಳು ಸರ್ವೇಯರಮ್ಮ. "ಅದು ಗಾಳಿಗಿಂತ ಭಾರ. ಮೇಲೆ ಹೋಗಲ್ಲ. ನೀರಿನ ಹಾಗೇ ತಗ್ಗು ಹುಡುಕ್ಕೊಂಡು ಇಳಿಯುತ್ತೆ."

"ಅತ್ತಿಗೆ," ಚಿಕ್ಕಧಣಿಯ ದೊಡ್ಡ ದನಿ ಸಣ್ಣದಾಗಿತ್ತು. "ಸಾಕು. ನನ್ನ ನಾಲ್ಕನೇ ಟ್ಯಾಂಕು ಹಾಳಾಗಿ ಹೋಗ್ಲಿ. ಈ ಮೂರನ್ನೂ ಖಾಲಿ ಮಾಡ್ಸಿ. ಈಗಲೇ. ಹೇಳಿ, ನಾನೇ ಹೋಗಿ ವಾಲ್ವು ತಿರುಗಿಸ್ತೀನಿ."

ವಕೀಲರು ಕರವಸ್ತ್ರದಿಂದ ಹಣೆ ಒತ್ತಿಕೊಂಡರು. "ನನ್ನದೂ ಅಭ್ಯಂತರವಿಲ್ಲ. ಆದರೆ ಅದು ನಿರ್ಣಯವಾಗಬೇಕು. ನಿರ್ಣಯವಿಲ್ಲದೆ ಮ್ಯಾನೇಜರು ಟ್ಯಾಂಕು ಮುಟ್ಟುವ ಹಾಗಿಲ್ಲ."

"ಇಬ್ಬರು ಒಪ್ಪಿದ್ದೀರಲ್ಲ, ಸಾಲದಾ?"

"ಇಲ್ಲಿ ಕೈ ಎತ್ತುವ ಪದ್ಧತಿ ಇಲ್ಲಮ್ಮ. ಅಧ್ಯಕ್ಷರು 'ಯಾರದಾದರೂ ಅಭ್ಯಂತರ ಇದೆಯಾ' ಅಂತ ಕೇಳಬೇಕು. ಎಲ್ಲರೂ ಸುಮ್ಮನಿದ್ದರೆ ಆಯಿತು. ಅವರು ಕೇಳದೆ ಇಲ್ಲಿ ಯಾವ ನಿರ್ಣಯವೂ ಹುಟ್ಟುವುದಿಲ್ಲ." ವಕೀಲರು ಮೇಜು ನೋಡಿದರು. "ಹಾಗಂತ ಬರೆದವನು ನಾನೇ."

"ಶಭಾಷ್," ಎಂದರು ಚಿಕ್ಕಧಣಿ. "ಹೆಬ್ಬಾಗಿಲಿಗೂ ಹಿತ್ತಿಲಿಗೂ ಒಂದೇ ಬೀಗ!"

ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು.

ಅವರು ಬಾಗಿ, ಆಸ್ಪತ್ರೆಯ ಗೋಡೆಗೆ ಬಡಿಯುತ್ತಿದ್ದ ಬೆಂಡಿನ ಟ್ಯಾಂಕನ್ನು ಬೆರಳಿನಿಂದ ಮೆಲ್ಲಗೆ ದೂರ ಸರಿಸಿದರು. ಅದು ತೇಲಿಕೊಂಡು ಮತ್ತೆ ಅಲ್ಲಿಗೇ ಬಂತು.

"ಓಣಿ ಖಾಲಿ ಮಾಡ್ಸ್ತೀನಿ," ಎಂದರು. "ಕಂಪನಿಯ ಬಸ್ಸುಗಳೆಲ್ಲ ಈಗಲೇ ಹೊರಡಲಿ. ಗುಡ್ಡದ ಮೇಲೆ ನಮ್ಮ ಮನೆ ಇದೆ, ಎಲ್ಲರೂ ಅಲ್ಲೇ ಇರಲಿ, ನನ್ನ ಕೋಣೆಯಲ್ಲೇ ಮಲಗಲಿ. ಯಾರಿಗೆ ಏನು ಬೇಕೋ ಕೊಡ್ತೀನಿ."

"ಟ್ಯಾಂಕು, ಅಮ್ಮ?"

ದೊಡ್ಡಮ್ಮ ಒದ್ದೆ ಬೆರಳನ್ನು ಅಂಗೈಗೆ ಒರೆಸಿಕೊಂಡರು.

"ಓಣಿಯವರು ಬಸ್ಸು ಹತ್ತುತ್ತಾರೆ. ಮಾವ ಹತ್ತೋ ಹಾಗಿಲ್ಲ. ಅವರನ್ನ ಅಲುಗಿಸೋ ಹಾಗೇ ಇಲ್ಲ. ಅತ್ತೆ ಅವರನ್ನ ಬಿಟ್ಟು ಬರಲ್ಲ."

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ." ಆ ಒಂದು ಪದದಲ್ಲಿ ದನಿ ಒಡೆಯಿತು, ಆದರೆ ಕೆಳಗೆ ಬೀಳಲಿಲ್ಲ.

"ಒಂದು ಟ್ಯಾಂಕಾದ್ರೂ," ಎಂದರು ಚಿಕ್ಕಧಣಿ, ಬೇಡುವ ದನಿಯಲ್ಲಿ. "ಅತ್ತಿಗೆ, ಅದರಲ್ಲಿ ಏನಿದೆ ಅಂತ ನೀವು ಹೀಗೆ..."

"ನೀನು ಸುಮ್ನಿರು!"

ಆ ಕೋಣೆಯಲ್ಲಿ ದೊಡ್ಡಮ್ಮ ದನಿಯೇರಿಸಿದ್ದನ್ನು ಯಾರೂ ಕೇಳಿದ್ದಿಲ್ಲ. ಚಿಕ್ಕಧಣಿ ಹೊಡೆಸಿಕೊಂಡವರ ಹಾಗೆ ಕುರ್ಚಿಗೆ ಒರಗಿದರು. ಟ್ಯಾಂಕು ಬರಿದಾದರೆ ಏನೋ ಬಯಲಿಗೆ ಬೀಳುತ್ತದೆ, ಅದಕ್ಕೇ ಈ ಹಟ ಎಂದು ಸರ್ವೇಯರಮ್ಮನಿಗೆ ಹೊಳೆಯಿತು.

ಸರ್ವೇಯರಮ್ಮ ಮೇಜನ್ನು ಸುತ್ತಿ ಬಂದು ಅವರ ಕುರ್ಚಿಯ ಪಕ್ಕ ಮಂಡಿಯೂರಿ ಕೂತಳು. ತನ್ನ ಮಾತು ಅವರೊಬ್ಬರಿಗೇ ಕೇಳುವಷ್ಟು ಹತ್ತಿರ.

"ಆ ಸಂಜೆ ಏನಾಯ್ತು ಅಂತ ನಾನು ಈಗ ಕೇಳ್ತಿಲ್ಲ. ಪ್ಲಾಸ್ಟರು ಯಾರದು ಅಂತಲೂ ಕೇಳ್ತಿಲ್ಲ. ಮಾವ ಹೇಳ್ತಿದ್ರು, ನನ್ನ ಪಾಠ ಒಬ್ಬರಿಗಾದ್ರೂ ಪೂರ್ತಿ ಅರ್ಥ ಆದ್ರೆ ಸಾಕು, ಮಿಕ್ಕಿದ್ದನ್ನ ಅವರೇ ಮಾಡ್ತಾರೆ ಅಂತ. ನಿಮಗೆ ಅರ್ಥ ಆಗಿದೆ."

"ಆಗಿದೆ," ಎಂದರು ದೊಡ್ಡಮ್ಮ ಅಷ್ಟೇ ಮೆಲ್ಲಗೆ. "ಇಲ್ಲಿರೋರಲ್ಲಿ ನನಗೊಬ್ಬಳಿಗೇ ಆಗಿದೆ. ಅದೇ ನೋಡು ನನ್ನ ಕರ್ಮ."

"ಹಾಗಾದ್ರೆ ಕೇಳಿ. ಮೂರೇ ಮಾತು. ಯಾರದಾದರೂ ಅಭ್ಯಂತರ ಇದೆಯಾ ಅಂತ. ಯಾರೂ ತುಟಿ ಬಿಚ್ಚಲ್ಲ. ಲಾರಿಗಳು ಹೊರಡ್ತವೆ. ನಿಮ್ಮ ಕಾಲು ಹಿಡೀತೀನಿ, ಅಮ್ಮ. ಕೇಳಿ."

ಅವಳು ನಿಜಕ್ಕೂ ಕೈ ಚಾಚಿದಳು.

ದೊಡ್ಡಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ತುಂಬಿತ್ತು. ದನಿಯಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ.

"ಇಲ್ಲ," ಎಂದರು. "ಕೇಳೋದಿಲ್ಲ."